ಹಡಗುಗಳ ಪಟ್ಟಿಯ ಕೆಳಗೆ

ಪೆನಾಂಗ್, ಹಗ್ಗದ ಬೀದಿ
ಶುವಾಂತುಂಗ್ ದೊರೆಯ ಎರಡನೇ ವರ್ಷ, ಏಳನೇ ತಿಂಗಳು, ಇಪ್ಪತ್ತನೇ ದಿನ

ಗಿಯಾಪ್,

ರಂಗೂನಿನಿಂದ ನೀನು ಕಳಿಸಿದ ಪತ್ರಿಕೆಯ ಕಟ್ಟು ತಲುಪಿತು. ನಿನ್ನಮ್ಮ ಬಿಚ್ಚಿದಳು, ಮೂಸಿ ನೋಡಿದಳು, "ಇವನು ಹೊಟ್ಟೆ ತುಂಬಾ ಉಣ್ತಿಲ್ಲ" ಅಂದಳು. ಕಾಗದದ ವಾಸನೆಯಲ್ಲಿ ಅದು ಹೇಗೆ ಗೊತ್ತಾಯಿತೋ, ನಾನು ಕೇಳಲು ಹೋಗಲಿಲ್ಲ.

ನಾನು ಮೊದಲು ನೋಡಿದ್ದು ತಾರೀಖು. 'ದಕ್ಷಿಣ ದೀಪ' ಪತ್ರಿಕೆಯಲ್ಲಿ ಇಷ್ಟು ವರ್ಷ ಅಚ್ಚಿನ ಮೊಳೆ ಜೋಡಿಸಿದವನು ನಾನು; ಬೆಳಿಗ್ಗೆ ಕೆಲಸಕ್ಕೆ ಕೂತರೆ ಕೈ ಮೊದಲು ಹೋಗುವುದು ಚೀನದ ದೊರೆಯ ವರ್ಷದ ಮೊಳೆಗೆ. ನಿಮ್ಮ 'ಹೊಸ ಅಲೆ'ಯಲ್ಲಿ ದೊರೆಯೇ ಇಲ್ಲ. ಹಳದಿ ಚಕ್ರವರ್ತಿಯ ನಾಲ್ಕು ಸಾವಿರದ ಆರುನೂರ ಎಂಟನೇ ವರ್ಷವಂತೆ. ಆತ ನಮ್ಮೆಲ್ಲರ ಮೂಲಪುರುಷ, ಒಪ್ಪಿದೆ. ಆದರೆ ಆತ ಹುಟ್ಟಿದ ದಿನ ನಿಮ್ಮ ಸಂಪಾದಕರು ಹೋಗಿ ತೊಟ್ಟಿಲು ತೂಗಿದ್ದರೇ? ಅದೇ ಲಕೋಟೆಯ ಮೇಲೆ ಅಂಚೆಯವರು 1910, ಆಗಸ್ಟ್ ಎಂದು ಮುದ್ರೆ ಒತ್ತಿದ್ದಾರೆ. ಒಂದು ಕಟ್ಟಿನಲ್ಲಿ ಎರಡು ಕಾಲ, ಅದನ್ನು ಓದುವವನ ಮನೆಯಲ್ಲಿ ಮೂರನೆಯದು.

ನಗಬೇಡ. ಯಾರ ವರ್ಷ ಬರೆಯುತ್ತೇವೋ ಅವರ ಮನುಷ್ಯರು ನಾವು ಎಂದು ಬರೆದುಕೊಟ್ಟ ಹಾಗೆ. ಚೀನದಲ್ಲಿರುವ ನಮ್ಮ ಊರಿನ ಜಿಲ್ಲಾ ಕಚೇರಿಯ ಗುಮಾಸ್ತರು ಲೇಖನ ಓದುವುದಿಲ್ಲ, ತಾರೀಖು ಓದುತ್ತಾರೆ.

ದೊರೆಯ ಪ್ರಜೆ ಎಂಬುದರ ಗುರುತಾದ ಜಡೆಯನ್ನು ನೀನು ಕತ್ತರಿಸಿಕೊಂಡೆ ಎಂದು ಅಕ್ಕಿ ಹಡಗಿನವನೊಬ್ಬ ಹೇಳಿದ. ನಿನ್ನಮ್ಮ ಕೇಳಿದ್ದು ಒಂದೇ: "ಕತ್ತರಿಸಿದ ಕೂದಲು ಎಲ್ಲಿಟ್ಟಿದಾನಂತೆ?" ಅದಕ್ಕೆ ಉತ್ತರ ಬರೆ. ಇನ್ನೊಂದು ಮಾತು: ಪತ್ರಿಕೆಗೆ ಬರೆಯುವವರೆಲ್ಲ ಒಂದು ಮರೆಹೆಸರು ಇಟ್ಟುಕೊಳ್ಳುತ್ತಾರೆ. ನೀನು ಯಾವುದು ಇಟ್ಟುಕೊಂಡೆ?

ಮಸಿ ಕೈಯ
ಅಪ್ಪ

*

ರಂಗೂನ್
ಹಳದಿ ಚಕ್ರವರ್ತಿಯ 4608ನೇ ವರ್ಷ, ಎಂಟನೇ ತಿಂಗಳು, ಹುಣ್ಣಿಮೆ

ಅಪ್ಪನಿಗೆ,

ಕೂದಲು ಪೆಟ್ಟಿಗೆಯಲ್ಲಿದೆ, ಅಮ್ಮನ ಹಳೆಯ ನೀಲಿ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದೇನೆ. ತಲೆ ಮೊದಮೊದಲು ಎಷ್ಟು ಹಗುರವಾಯಿತೆಂದರೆ ಗಾಳಿಗೆ ಹಾರಿ ಹೋಗುತ್ತೇನೋ ಅನ್ನಿಸುತ್ತಿತ್ತು. ಈಗ ಅಭ್ಯಾಸವಾಗಿದೆ.

ಇವತ್ತು ಚಂದ್ರನ ಹಬ್ಬ. ಬಂಗಾರದ ಗೋಪುರದ ಮೇಲೆ ಒಂದು ಚಂದ್ರ, ಕೆರೆಯಲ್ಲಿ ಒಂದು. ನಮ್ಮ ಓದುಮನೆಯ ಮೆಟ್ಟಿಲ ಮೇಲೆ ಎಲ್ಲರೂ ಸಿಹಿ ರೊಟ್ಟಿ ಹಂಚಿಕೊಂಡು ಕೂತಿದ್ದೆವು. ಬಡಗಿಯ ಮಾತು ದರ್ಜಿಗೆ ತಿಳಿಯುವುದಿಲ್ಲ, ದರ್ಜಿಯ ಮಾತು ನನಗೆ ತಿಳಿಯುವುದಿಲ್ಲ. ನೀನು ಯಾರು ಎಂದರೆ ಒಬ್ಬ ಹಳ್ಳಿಯ ಹೆಸರು ಹೇಳುತ್ತಾನೆ, ಇನ್ನೊಬ್ಬ ಹೊಳೆಯ ಹೆಸರು. ಚೀನದವನು ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಸಂಜೆ ಪತ್ರಿಕೆ ಬಂದಾಗ ಒಬ್ಬ ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ತನ್ನವರ ಮಾತಿಗೆ ತಿರುಗಿಸುತ್ತಾನೆ, ಮೂರನೆಯವನು ಅದನ್ನು ಇನ್ನೊಂದು ಮಾತಿಗೆ. ಕೊನೆಗೆ ನಗು ಬಂದರೆ ಅದು ಮೂರು ಸಲ ಬರುತ್ತದೆ, ಒಂದರ ಹಿಂದೆ ಒಂದು, ದಡಕ್ಕೆ ನೀರು ಬಂದ ಹಾಗೆ. ನಮ್ಮ ಪತ್ರಿಕೆಗೆ ಅದಕ್ಕೇ ಆ ಹೆಸರಿಟ್ಟರೋ ಏನೋ.

ಮರೆಹೆಸರು ಇಟ್ಟುಕೊಳ್ಳಲಿಲ್ಲ ಅಪ್ಪ. ಸಿಟ್ಟಾಗಬೇಡಿ. ದೊರೆಯ ಆಳ್ವಿಕೆ ಸಾಕು ಎಂದು ಬರೆದ ಮೇಲೆ ಹೆಸರು ಬಚ್ಚಿಡುವುದು ಸರಿ ಕಾಣಲಿಲ್ಲ. ಚುವಾ ಸೆಂಗ್ ಗಿಯಾಪ್, ಕಲ್ಲುಸೇತುವೆ ಹಳ್ಳಿ ಎಂದು ಪೂರ್ತಿ ಹಾಕಿಸಿದೆ. ಊರಲ್ಲಿರುವ ಅಜ್ಜಿಗೆ ಒಂದು ಡಬ್ಬಿ ಬಿಸ್ಕತ್ತು ಕಳಿಸಿದೆ, ಅದೇ ಹಾಳೆಯಲ್ಲಿ ಸುತ್ತಿ. ಅವಳಿಗೆ ಓದು ಬರುವುದಿಲ್ಲ, ಗೊತ್ತು. ಮೊಮ್ಮಗನ ಹೆಸರು ಅಚ್ಚಾದ ಕಾಗದ ಅವಳ ಕೈಗೆ ತಾಗಲಿ ಅಂತ ಅಷ್ಟೆ.

ನಿಮ್ಮ
ಗಿಯಾಪ್

*

ಪೆನಾಂಗ್
ಶುವಾಂತುಂಗ್ ದೊರೆಯ ಎರಡನೇ ವರ್ಷ, ಹತ್ತನೇ ತಿಂಗಳು, ಹನ್ನೆರಡನೇ ದಿನ

ಗಿಯಾಪ್,

ನಿನಗೆ ಬುದ್ಧಿ ಎಲ್ಲಿ ಹೋಗಿತ್ತು?

ಊರಿನಿಂದ ಕಾಗದ ಬಂದಿದೆ. ಅಜ್ಜಿ ಹೇಳಿದ್ದನ್ನು ಪಾಠಶಾಲೆಯ ಮೇಷ್ಟ್ರು ಬರೆದಿದ್ದಾರೆ. ಬಿಸ್ಕತ್ತು ಚೆನ್ನಾಗಿತ್ತಂತೆ, ನೀರಲ್ಲಿ ಅದ್ದಿ ತಿಂದಳಂತೆ. ಸುತ್ತಿದ ಕಾಗದವನ್ನು ಬಿಸಾಡುವ ಜಾತಿಯವಳೇ ಅವಳು? ಅಕ್ಷರ ಇರುವ ಕಾಗದವನ್ನು ತುಳಿಯಬಾರದು, ಒಲೆಗೆ ಹಾಕಬಾರದು ಎಂದು ನನ್ನ ಕಿವಿ ಹಿಂಡಿ ಕಲಿಸಿದವಳು. ಹಾಳೆಯನ್ನು ಮೊಣಕಾಲ ಮೇಲಿಟ್ಟು ಸುಕ್ಕು ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು, ಕುಲದ ಮನೆಯ ಅಂಗಳದಲ್ಲಿ ಅಂಥ ಕಾಗದವನ್ನು ಮರ್ಯಾದೆಯಿಂದ ಸುಡುವ ಅಕ್ಷರದ ಕುಲುಮೆಗೆ ತೆಗೆದುಕೊಂಡು ಹೋಗಿದ್ದಾಳೆ. ಕುಲುಮೆಗೆ ಹಾಕುವ ಮೊದಲು ಮೇಷ್ಟ್ರು ಪ್ರತಿ ಕಾಗದವನ್ನೂ ಓದುವುದು ಪದ್ಧತಿ. ಓದಿದರು. ಪಕ್ಕದಲ್ಲಿ ಕುಲದ ಹಿರಿಯರಿದ್ದರು. ನಿನ್ನ ಹೆಸರು, ಹಳ್ಳಿಯ ಹೆಸರು, ಆ ಹಾಳು ತಾರೀಖು, ಎಲ್ಲ ಅವರ ಕಣ್ಣಿಗೆ ಬಿತ್ತು. ಅಜ್ಜಿ, "ನನ್ನ ಮೊಮ್ಮಗ ಏನು ಬರೆದಿದಾನೆ?" ಎಂದು ಕೇಳುತ್ತಾ ನಿಂತಿದ್ದಳಂತೆ.

ಹಿರಿಯರದು ಹೆದರಿಕೆ, ದ್ವೇಷವಲ್ಲ. ಪಕ್ಕದ ಹಳ್ಳಿಯಲ್ಲಿ ಒಬ್ಬ ಬಂಡಾಯದವನಿಗಾಗಿ ಇಡೀ ಓಣಿಗೆ ಸೈನಿಕರು ಬೆಂಕಿ ಇಟ್ಟರು. ಅವರು ಹೇಳಿ ಕಳಿಸಿದ್ದು ಇಷ್ಟು: ಮೂರನೇ ತಿಂಗಳ ಸಮಾಧಿ ಗುಡಿಸುವ ಹಬ್ಬದೊಳಗೆ ನಾನು ಪತ್ರಿಕೆಯಲ್ಲಿ ನಿನ್ನನ್ನು ಮಗನಲ್ಲ ಎಂದು ಪ್ರಕಟಿಸಬೇಕು. ದೊರೆಯ ವರ್ಷ ಹಾಕುವ ಪತ್ರಿಕೆಯೇ ಆಗಬೇಕು, ಇಲ್ಲದಿದ್ದರೆ ಜಿಲ್ಲಾಧಿಕಾರಿ ಸೊಪ್ಪು ಹಾಕುವುದಿಲ್ಲ. ಪ್ರಕಟಿಸದಿದ್ದರೆ ಅಜ್ಜಿಯನ್ನು ಮನೆಯಿಂದ ಹೊರಡಿಸುತ್ತಾರೆ, ಅಜ್ಜನ ಹೆಸರಿನ ಪೂಜೆಯ ಹಲಗೆಯನ್ನು ಕುಲದ ಮನೆಯಿಂದ ಇಳಿಸುತ್ತಾರೆ.

ಇಂಥ ಪ್ರಕಟಣೆಗಳನ್ನು ಎಷ್ಟೋ ಜನರಿಗೆ ಜೋಡಿಸಿಕೊಟ್ಟಿದ್ದೇನೆ. ಜೂಜುಕೋರ ಮಕ್ಕಳು, ಓಡಿಹೋದ ತಮ್ಮಂದಿರು. ಮಾತುಗಳು ಬಾಯಿಪಾಠವಾಗಿವೆ. ಸಂಜೆಗೆ ಮೀನು ಕೊಂಡು ಮನೆಗೆ ಬರುತ್ತಿದ್ದೆ.

ನಿನ್ನಮ್ಮನಿಗೆ ಇನ್ನೂ ಹೇಳಿಲ್ಲ. ಅವಳಿಗೆ ಕೆಮ್ಮು ಹಿಡಿದಿದೆ.

ಅಪ್ಪ

*

ರಂಗೂನ್
4608, ಹನ್ನೊಂದನೇ ತಿಂಗಳು, ಮೂರನೇ ದಿನ

ಅಪ್ಪನಿಗೆ,

ಮೊದಲು ಬರೆದ ಕಾಗದದಲ್ಲಿ ನಿಮ್ಮನ್ನು ಬೈದಿದ್ದೆ, ಹರಿದೆ. ಆಮೇಲಿನದರಲ್ಲಿ ಹಿರಿಯರನ್ನು ಬೈದಿದ್ದೆ, ಅದನ್ನೂ ಹರಿದೆ. ತಪ್ಪು ನನ್ನದೇ. ಎಲ್ಲರೂ ಮರೆಹೆಸರಲ್ಲಿ ಬರೆಯುವಾಗ ನಾನೊಬ್ಬ ಎದೆ ಉಬ್ಬಿಸಿಕೊಂಡು ಹೋದೆ, ಪೆಟ್ಟು ಅಜ್ಜಿಗೆ ಬಿತ್ತು.

ಪ್ರಕಟಿಸಿ ಅಪ್ಪ. ಹಬ್ಬದವರೆಗೆ ಕಾಯಬೇಡಿ. ಒಂದೇ ಒಂದು ಬೇಡಿಕೆ: ಮೊಳೆ ನೀವು ಜೋಡಿಸಬೇಡಿ, ಇನ್ನೊಬ್ಬರಿಗೆ ಕೊಡಿ. ಅಮ್ಮನಿಗೆ ಏನು ಹೇಳುವುದೆಂದು ನನಗೂ ತಿಳಿಯುತ್ತಿಲ್ಲ. ಕೆಮ್ಮಿಗೆ ಪೇರಳೆಯ ಪಾಕ ಕೊಡಿ, ಜೇನು ಹಾಕಿ.

ಗಿಯಾಪ್

*

ಪೆನಾಂಗ್
ಶುವಾಂತುಂಗ್ ದೊರೆಯ ಎರಡನೇ ವರ್ಷ, ಹನ್ನೆರಡನೇ ತಿಂಗಳು, ಇಪ್ಪತ್ತನೇ ದಿನ

ಗಿಯಾಪ್,

ಬೀದಿಯಲ್ಲಿ ಹಗ್ಗ ಹೊಸೆಯುವವರು ಹೊಸ ವರ್ಷಕ್ಕೆಂದು ನಾರಿಗೆ ಕೆಂಪು ಬಣ್ಣ ಹಾಕಿದ್ದಾರೆ. ಇಡೀ ಬೀದಿ ಕೆಂಪಗೆ ಒಣಗುತ್ತಿದೆ. ಕಿತ್ತಳೆ ಗಿಡದ ಕುಂಡ ಬಾಗಿಲಿಗೆ ಬಂತು.

ನನಗೊಂದು ಕನಸು ಬಿತ್ತು. ಅಚ್ಚುಮನೆಯೊಳಗೆ ಸಮುದ್ರ ಬಂದಿತ್ತು, ಮೊಣಕಾಲವರೆಗೆ. ಸದ್ದಿಲ್ಲ. ಮೊಳೆಗಳೆಲ್ಲ ಗೂಡುಗಳಿಂದ ಎದ್ದು ನೀರಿನಲ್ಲಿ ತೇಲುತ್ತಿದ್ದವು. ಸೀಸ ತೇಲುವುದಿಲ್ಲ ಎಂದು ಕನಸಿನಲ್ಲೂ ನನಗೆ ಗೊತ್ತಿತ್ತು. ನಿನ್ನ ಹೆಸರಿನ ಮೂರು ಮೊಳೆ ಹುಡುಕುತ್ತಾ ಕೈ ಆಡಿಸಿದೆ. ಸಿಕ್ಕಿದ್ದೆಲ್ಲ ಊರುಗಳ ಹೆಸರು. ಸೈಗಾನ್, ಮೇದಾನ್, ಮನಿಲಾ. ನೀರು ಬೆಚ್ಚಗಿತ್ತು. ಎಚ್ಚರವಾದಾಗ ನಿನ್ನಮ್ಮ ಕಿಟಕಿಯ ಹತ್ತಿರ ಕೂತಿದ್ದಳು. "ನಂಗೆ ಗೊತ್ತು, ಏನೂ ಹೇಳ್ಬೇಡಿ" ಅಂದಳು.

ಇನ್ನು ಮುಂದೆ ಕಾಗದ ಬೇಡ. ಅಂಚೆ ಚೀಲ ಯಾರ ಕೈಯಲ್ಲಿ ಬಿಚ್ಚುತ್ತದೋ, ಊರಿಗೆ ಯಾರು ಸುದ್ದಿ ಮುಟ್ಟಿಸುತ್ತಾರೋ. ಸಂಬಂಧ ಇಲ್ಲವೆಂದು ಪ್ರಕಟಿಸಿದ ಮೇಲೆ ಇಲ್ಲದ ಹಾಗೆಯೇ ಇರಬೇಕು, ಇಲ್ಲದಿದ್ದರೆ ಅಜ್ಜಿಯ ಸೂರು ಉಳಿಯುವುದಿಲ್ಲ.

'ದಕ್ಷಿಣ ದೀಪ' ಅಲ್ಲಿನ ಓದುಮನೆಗೆ ಬರುತ್ತದೆಯಲ್ಲ? ಮೂರನೇ ಪುಟದಲ್ಲಿ, ಹಡಗುಗಳ ಪಟ್ಟಿಯ ಕೆಳಗೆ ಯಾವಾಗಲೂ ಒಂದು ಸಾಲಿನ ಜಾಗ ಉಳಿಯುತ್ತದೆ. ಸಂಪಾದಕರು ಅಲ್ಲಿ ಕಣ್ಣು ಹಾಯಿಸುವುದಿಲ್ಲ. ಸಂದು ತುಂಬಲು ಏನೋ ಒಂದು ಹಾಕುವುದು ನನ್ನ ಕೆಲಸ. ನೋಡುತ್ತಿರು.

ಅಪ್ಪ

*

'ದಕ್ಷಿಣ ದೀಪ', ಪೆನಾಂಗ್, ಮೊದಲನೇ ಪುಟ
ಶುವಾಂತುಂಗ್ ಮೂರನೇ ವರ್ಷ, ಮೊದಲನೇ ತಿಂಗಳು, ಹದಿನಾರನೇ ದಿನ

ಪ್ರಕಟಣೆ. ಕಲ್ಲುಸೇತುವೆ ಹಳ್ಳಿಯ ಚುವಾ ಕಿಮ್ ಪೊ ಎಂಬ ನಾನು ಎಲ್ಲರಿಗೂ ತಿಳಿಸುವುದೇನೆಂದರೆ, ನನ್ನ ಮಗ ಚುವಾ ಸೆಂಗ್ ಗಿಯಾಪ್ ಹಿರಿಯರ ಮಾತು ಮೀರಿ ದುರ್ಮಾರ್ಗ ಹಿಡಿದಿದ್ದಾನೆ. ಇಂದಿನಿಂದ ಅವನು ನನಗೆ ಮಗನಲ್ಲ, ನಾನು ಅವನಿಗೆ ತಂದೆಯಲ್ಲ. ಅವನು ಬದುಕಿದರೂ ಸತ್ತರೂ, ಏನು ಬರೆದರೂ ಆಡಿದರೂ, ಈ ಮನೆಗೆ ಸಂಬಂಧವಿಲ್ಲ.

*

'ದಕ್ಷಿಣ ದೀಪ', ಮೂರನೇ ಪುಟ, ಹಡಗುಗಳ ಪಟ್ಟಿಯ ಕೆಳಗೆ
ಶುವಾಂತುಂಗ್ ಮೂರನೇ ವರ್ಷ, ಎರಡನೇ ತಿಂಗಳು

ಹಗ್ಗದ ಬೀದಿಯ ಒಬ್ಬ ಮುದುಕಿಗೆ ಕೆಮ್ಮು. ಪೇರಳೆಯ ಪಾಕ ಕೊಡಲಾಗುತ್ತಿದೆ, ಜೇನು ಹಾಕಿ.

*

'ಹೊಸ ಅಲೆ', ರಂಗೂನ್, ಅಕ್ಕಿಯ ಧಾರಣೆಯ ಕೆಳಗೆ
4609, ಮೂರನೇ ತಿಂಗಳು

ಈ ಊರಿನ ಒಬ್ಬ ತರುಣ ದಿನಕ್ಕೆ ಎರಡು ಹೊತ್ತು ಅನ್ನ ಉಣ್ಣುತ್ತಿದ್ದಾನೆ. ಮೀನೂ ಸಿಗುತ್ತಿದೆ.

*

'ದಕ್ಷಿಣ ದೀಪ', ಮೂರನೇ ಪುಟ
ಶುವಾಂತುಂಗ್ ಮೂರನೇ ವರ್ಷ, ಐದನೇ ತಿಂಗಳು

ಮುದುಕಿಯ ಕೆಮ್ಮಿಗೆ ಔಷಧಿ ಕಳಿಸಿದ ಇಪೋ, ಮೇದಾನ್, ಸೈಗಾನ್ ಓದುಗರಿಗೆ ವಂದನೆ. ದಯವಿಟ್ಟು ಇನ್ನು ಕಳಿಸಬೇಡಿ. ಕಚೇರಿಯಲ್ಲಿ ಕೂರಲು ಜಾಗವಿಲ್ಲ.

*

'ಹೊಸ ಅಲೆ', ಅಕ್ಕಿಯ ಧಾರಣೆಯ ಕೆಳಗೆ
4609, ಆರನೇ ತಿಂಗಳು

ಹಗ್ಗದ ಬೀದಿಯ ಮುದುಕಿ ಹೇಗಿದ್ದಾಳೆ ಎಂದು ನಮ್ಮ ಕಚೇರಿಗೆ ಬಂದು ವಿಚಾರಿಸುವವರಿಗೆ: ಗೊತ್ತಿಲ್ಲ. ನಾವೂ ಕಾಯುತ್ತಿದ್ದೇವೆ.

*

'ದಕ್ಷಿಣ ದೀಪ', ಮೂರನೇ ಪುಟ
ಶುವಾಂತುಂಗ್ ಮೂರನೇ ವರ್ಷ, ಅಧಿಕ ಆರನೇ ತಿಂಗಳು

ಕೆಮ್ಮು ಕಡಿಮೆ. ಬೆಳಗಿನ ಜಾವ ಮುದುಕಿ ಒಂದು ಕನಸು ಕಂಡಳು. ಸಮುದ್ರದ ಮೇಲೆ ಒಬ್ಬ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆದು ಬರುತ್ತಿದ್ದ. ಮುಖ ಕಾಣಲಿಲ್ಲ, ನಡಿಗೆಯ ಗುರುತು ಸಿಕ್ಕಿತು.

*

'ಹೊಸ ಅಲೆ', ಅಕ್ಕಿಯ ಧಾರಣೆಯ ಕೆಳಗೆ
4609, ಏಳನೇ ತಿಂಗಳು

ಅದೇ ಕನಸು ಇಲ್ಲಿಯೂ ಬಿದ್ದಿದೆ. ನೀರು ಬೆಚ್ಚಗಿತ್ತು.

*

ರಂಗೂನ್
ಶುವಾಂತುಂಗ್ ದೊರೆಯ ಮೂರನೇ ವರ್ಷ, ಒಂಬತ್ತನೇ ತಿಂಗಳು, ಇಪ್ಪತ್ತೇಳನೇ ದಿನ

ಅಪ್ಪನಿಗೆ,

ಬಂಡಾಯದವರು ಗೆದ್ದು ನಮ್ಮ ಪ್ರಾಂತ್ಯ ದೊರೆಯ ಕೈ ತಪ್ಪಿತು ಎಂದು ತಂತಿ ಬಂತು. ಊರಿನ ಜಿಲ್ಲಾಧಿಕಾರಿ ಹೆಂಗಸರ ಪಲ್ಲಕ್ಕಿಯಲ್ಲಿ ಕೂತು ಓಡಿಹೋದನಂತೆ. ಇನ್ನು ಅಜ್ಜಿಯ ಮನೆಯನ್ನು ಯಾರೂ ಮುಟ್ಟುವುದಿಲ್ಲ, ಅದಕ್ಕೇ ಈ ಕಾಗದ ಬರೆಯುವ ಧೈರ್ಯ ಮಾಡಿದೆ. ಇಲ್ಲಿ ಪಟಾಕಿಯ ಕೆಂಪು ಕಾಗದದಲ್ಲಿ ರಸ್ತೆ ಮುಚ್ಚಿಹೋಗಿದೆ. ನಾನು ಗೆದ್ದವರ ಜೊತೆಗೆ ಕುಣಿಯಬೇಕಾದವನು, ಒಳಗೆ ಬಂದು ಕೂತಿದ್ದೇನೆ. ಮೇಲಿನ ತಾರೀಖು ನೋಡಿ ನಗಬೇಡಿ. ದೊರೆಗಾಗಿ ಬರೆದದ್ದಲ್ಲ. ಇಷ್ಟು ವರ್ಷ ಪ್ರತಿ ಬೆಳಿಗ್ಗೆ ನಿಮ್ಮ ಕೈ ಹುಡುಕಿದ ಮೊಳೆ ಅದು, ಒಂದು ಸಲ ನಾನೂ ಬರೆಯೋಣ ಅನ್ನಿಸಿತು.

ಆ ಪ್ರಕಟಣೆ ನನಗೆ ಹೇಗೆ ಮುಟ್ಟಿತು ಎಂದು ನಿಮಗೆ ಗೊತ್ತಿಲ್ಲ. ನಾನು ಓದಲಿಲ್ಲ, ಕೇಳಿದೆ. ಓದುಮನೆಯಲ್ಲಿ ಆ ಸಂಜೆ ಓದುವ ಪಾಳಿ ಹೊಸಬನದು, ನನ್ನ ಪೂರ್ತಿ ಹೆಸರು ಅವನಿಗೆ ಗೊತ್ತಿರಲಿಲ್ಲ. ದನಿ ಎತ್ತಿ, ಚೆನ್ನಾಗಿಯೇ ಓದಿದ. ಇನ್ನೊಬ್ಬ ತನ್ನವರ ಮಾತಿಗೆ ತಿರುಗಿಸಿದ. ಮೂರನೆಯವನು ಬಡಗಿ, ಅವನಿಗೆ ನಾನು ಗೊತ್ತು. ಅವನು ಬಾಯಿ ತೆರೆದು, ನನ್ನ ಕಡೆ ನೋಡಿ, "ಇದೇನೋ ಮೆಣಸಿನ ವ್ಯಾಪಾರದ ವಿಷ್ಯ ಕಣ್ರಪ್ಪ, ಮುಂದೆ ಓದಿ" ಅಂದ. ಅವನ ಜನ ಇವತ್ತಿಗೂ ಹಾಗೆಯೇ ತಿಳಿದಿದ್ದಾರೆ.

ಪ್ರಕಟಿಸಿ ಎಂದು ನಾನೇ ಬರೆದಿದ್ದೆ. ಆದರೂ 'ತಂದೆಯಲ್ಲ' ಎಂಬ ಮಾತು ಎರಡು ಸಲ ಕಿವಿಗೆ ಬಿದ್ದಾಗ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಮೇಲೆ ಹಡಗುಗಳ ಪಟ್ಟಿಯ ಕೆಳಗಿನ ಸಾಲು ಬರತೊಡಗಿತು. ಅಪ್ಪ, ಅದನ್ನು ನಾನೊಬ್ಬನೇ ಕಾಯುತ್ತಿರಲಿಲ್ಲ. ನನ್ನ ಲೇಖನ ಬಂದರೆ ಜನ ತಲೆದೂಗಿ ಎದ್ದು ಹೋಗುತ್ತಿದ್ದರು. ನಿಮ್ಮ ಸಾಲಿಗೆ ಕೂತೇ ಇರುತ್ತಿದ್ದರು. "ಮುದುಕಿ ಹೇಗಿದಾಳೆ, ಮೊದಲು ಅದನ್ನ ಓದು" ಎನ್ನುವರು. ಅವಳು ಯಾವ ಹಳ್ಳಿಯವಳು ಎಂದು ಯಾರೂ ಕೇಳಲಿಲ್ಲ. ದರ್ಜಿಗೆ ಅವಳು ದರ್ಜಿಯ ಊರಿನವಳೇ. ನಾವೆಲ್ಲ ಒಂದು ಜನ ಎಂದು ನಾನು ಪುಟಗಟ್ಟಲೆ ಬರೆದೆ. ನೀವು ಕೆಮ್ಮು ಎಂದು ಬರೆದಿರಿ.

ಈಗ ಕೇಳುತ್ತೇನೆ. ನಾನು ಇನ್ನೂ ನಿಮಗೆ ಮಗನಲ್ಲವೇ? ಆ ಪ್ರಕಟಣೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಇನ್ನೊಂದು ಪ್ರಕಟಣೆ ಇರುತ್ತದೆಯೇ? ಅದಿಲ್ಲದೆ ಆ ಹೊಸ್ತಿಲು ದಾಟಲು ನನಗೆ ಕಾಲು ಬರುವುದಿಲ್ಲ.

ಗಿಯಾಪ್

*

ಪೆನಾಂಗ್
ನಿನ್ನ ಅಜ್ಜಿಯ ಎಂಬತ್ತೊಂದನೇ ವರ್ಷ, ಅಕ್ಕಿಯುಂಡೆ ಹಬ್ಬಕ್ಕೆ ಹದಿನೈದು ದಿನ ಮೊದಲು

ಗಿಯಾಪ್,

ತಾರೀಖು ನೋಡಿ ನೀನೂ ನಗಬೇಡ. ನನಗೆ ಬೇರೆ ದಾರಿಯಿಲ್ಲ. ಪ್ರಾಂತ್ಯ ತಿರುಗಿದ ಮಾರನೆಯ ದಿನ ಬೆಳಿಗ್ಗೆ ಮೊಳೆಯ ಗೂಡಿನ ಮುಂದೆ ಕೂತು, "ಇವತ್ತು ಯಾರ ವರ್ಷ ಹಾಕ್ಲಿ?" ಎಂದು ಕೇಳಿದೆ. ಯಜಮಾನರು ಕಿಟಕಿಗೆ ಹೋದರು, ಬಂದರು. ದೊರೆಯಿಂದ ದುಡ್ಡು ಕೊಟ್ಟು ಪಡೆದ ನವಿಲುಗರಿಯ ಟೋಪಿಯನ್ನು ಕಪಾಟಿನಲ್ಲಿಟ್ಟರು, ಬಾಗಿಲು ಹಾಕಿದರು, ಮತ್ತೆ ತೆಗೆದು ನೋಡಿದರು. ಕೊನೆಗೆ, "ತಿಂಗಳು, ದಿನ ಹಾಕು ಸಾಕು, ವರ್ಷ ಆಮೇಲೆ ನೋಡೋಣ" ಅಂದರು. ಅಂದಿನಿಂದ ನಮ್ಮ ಪತ್ರಿಕೆ ಯಾವ ವರ್ಷವೂ ಇಲ್ಲದೆ ಹೊರಡುತ್ತಿದೆ. ಬೀದಿಯಲ್ಲಿ ಮಂಜು ಕವಿದ ಬೆಳಿಗ್ಗೆ ಅದನ್ನು ಮಾರುವವನು ಕೂಗಿದರೆ, ಯಾವ ಕಾಲದ ಸುದ್ದಿಯೋ ಎಂದು ನನಗೇ ಅನ್ನಿಸುತ್ತದೆ.

ನಿನ್ನ ಪ್ರಕಟಣೆಯನ್ನು ನಾನೇ ಜೋಡಿಸಿದೆ. ನೀನು ಬೇಡವೆಂದಿದ್ದೆ. ಯಜಮಾನರೂ, "ಕಿಮ್ ಪೊ, ಬೇರೆಯವ್ರು ಮಾಡ್ತಾರೆ ಬಿಡು" ಅಂದರು. ಬೇರೆಯವರ ಕೈಯಲ್ಲಿ ನೀನು ಯಾರೋ ಒಬ್ಬ ಆಗಿಬಿಡುತ್ತಿದ್ದೆ. ಮೊಳೆ ಜೋಡಿಸುವಾಗ ಅಕ್ಷರ ತಿರುಗಿಕೊಂಡಿರುತ್ತದೆ, ನಿನಗೆ ಗೊತ್ತಲ್ಲ. ನಿನ್ನ ಹೆಸರು ಬಲದಿಂದ ಎಡಕ್ಕೆ ಮುಖ ಮಾಡಿ ನನ್ನ ಅಂಗೈಯಲ್ಲಿ ಮಲಗಿತ್ತು, ಹುಟ್ಟಿದ ದಿನ ಮಲಗಿದ್ದ ಹಾಗೆ. ನಾನು ಅತ್ತುಬಿಟ್ಟೆ. ಅಚ್ಚಾದ ಮೇಲೆ ಮೊಳೆಗಳನ್ನು ತೊಳೆದು ಗೂಡಿಗೆ ಹಾಕಿದೆ. ಮಾರನೆಯ ದಿನದ ಧಾರಣೆ ಪಟ್ಟಿಗೆ ಅವೇ ಬೇಕಾದವು.

ನೀನು ಕೇಳಿದ್ದಕ್ಕೆ ಉತ್ತರ. ನಮ್ಮಲ್ಲಿ ಪ್ರಕಟಣೆಗಳ ಮಾದರಿಯ ಒಂದು ದಪ್ಪ ಪುಸ್ತಕ ಇದೆ. ಮದುವೆ, ಸಾವು, ಅಂಗಡಿ ತೆರೆದದ್ದು, ಪಾಲುದಾರಿಕೆ ಮುರಿದದ್ದು, ಮಗನನ್ನು ಬಿಟ್ಟದ್ದು. ಮಗನನ್ನು ಮತ್ತೆ ಮಗ ಎಂದು ಕರೆಯುವ ಮಾದರಿ ಹುಡುಕಿದೆ. ಇಲ್ಲ. ಯಾರೂ ಇದುವರೆಗೆ ಕೊಟ್ಟಿಲ್ಲವಂತೆ. ನಾನೇ ಬರೆಯಲು ಕೂತೆ, ದಿನವೆಲ್ಲ ಕೂತರೂ ಎರಡು ಮಾತು ಮೂಡಲಿಲ್ಲ. ಬಿಡುವ ಮಾತುಗಳು ಮಾತ್ರ ಬಾಯಿಪಾಠವಾಗಿರುವ ಮುದುಕ ನಾನು. ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಊರಿನ ಕಾಗದ ಬಂತು. ಆ ಪ್ರಕಟಣೆಯ ಹಾಳೆಯನ್ನು ಹಿರಿಯರು ಕುಲದ ಮನೆಯ ಗೋಡೆಗೆ ಅಂಟಿಸಿದ್ದರಂತೆ, ಸೈನಿಕರು ಬಂದರೆ ತೋರಿಸಲು. ಈಗ ದೊರೆಯ ಹೆಸರಿರುವುದನ್ನೆಲ್ಲ ಕೀಳುವ ಸಂಭ್ರಮದಲ್ಲಿ ಅದನ್ನೂ ಕಿತ್ತು ಚರಂಡಿಗೆ ಹಾಕಲು ಹೊರಟರು. ಅಜ್ಜಿ ಕೋಲೂರಿಕೊಂಡು ಬಂದು ಅಡ್ಡ ನಿಂತಳು. "ಅಕ್ಷರ ಇರೋ ಕಾಗದ ಚರಂಡಿಗೆ ಹಾಕ್ತೀರಾ? ಇಲ್ಲಿ ಕೊಡಿ" ಅಂದಳು. ಮೊಣಕಾಲ ಮೇಲಿಟ್ಟು ಸುಕ್ಕು ಬಿಡಿಸಿದಳು. ಎರಡೂ ಕೈಯಲ್ಲಿ ಹಿಡಿದು ಕುಲುಮೆಯ ಹತ್ತಿರ ನಡೆದಳು. ಮೇಷ್ಟ್ರು, "ಅಜ್ಜಿ, ಇದ್ರಲ್ಲಿ ಏನಿದೆ ಗೊತ್ತಾ ನಿಮ್ಗೆ?" ಎಂದು ಕೇಳಿದರು.

"ಗೊತ್ತು. ಗಿಯಾಪ್ ನಮ್ಮವನಲ್ಲ ಅಂತ ಇದೆ."

ತಾನೇ ಬೆಂಕಿ ಹಚ್ಚಿದಳು. ಪೂರ್ತಿ ಬೂದಿಯಾಗುವವರೆಗೆ ತಲೆ ಬಾಗಿಸಿ ನಿಂತಳು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಅಕ್ಷರಕ್ಕೆ ಕೊಡೋ ಮರ್ಯಾದೆ ಕೊಟ್ಟಾಯ್ತು. ಇನ್ನು ಆ ಮಾತಿಲ್ಲ ಅಂತ ನನ್ನ ಮಗನಿಗೆ ಬರೀರಿ" ಅಂದಳಂತೆ. ಮೇಷ್ಟ್ರು ಬರೆದಿದ್ದಾರೆ. ನಾನು ಆ ಕಾಗದವನ್ನು ನಿನ್ನಮ್ಮನಿಗೆ ಓದಿ ಹೇಳಿದೆ. ಅವಳು ಅಕ್ಕಿ ನೆನೆಹಾಕಲು ಎಷ್ಟು ದಿನ ಇದೆ ಎಂದು ಲೆಕ್ಕ ಹಾಕತೊಡಗಿದಳು.

ಹಬ್ಬದ ಹಿಂದಿನ ದಿನ ರಂಗೂನಿನಿಂದ ಒಂದು ಹಡಗು ಬರುತ್ತದೆ. ಪಟ್ಟಿ ನಾನೇ ಜೋಡಿಸುವುದು, ತಪ್ಪುವುದಿಲ್ಲ. ಬಾ. ಆ ಕೂದಲನ್ನೂ ತಾ, ನಿನ್ನಮ್ಮ ಕೇಳುತ್ತಾಳೆ.

ನಿನ್ನ ಅಪ್ಪ,
ಚುವಾ ಕಿಮ್ ಪೊ

*

'ದಕ್ಷಿಣ ದೀಪ', ಪೆನಾಂಗ್, ಮೂರನೇ ಪುಟ, ಹಡಗುಗಳ ಪಟ್ಟಿಯ ಕೆಳಗೆ
ಹನ್ನೊಂದನೇ ತಿಂಗಳು, ಐದನೇ ದಿನ

ಹಗ್ಗದ ಬೀದಿಯ ಮುದುಕಿಯ ಬಗ್ಗೆ ವಿಚಾರಿಸುವ ಎಲ್ಲ ಊರುಗಳ ಓದುಗರಿಗೆ: ಕೆಮ್ಮು ವಾಸಿಯಾಗಿದೆ. ನಿನ್ನೆ ಸಂಜೆ ಅವಳ ಮನೆಯಲ್ಲಿ ಒಂದು ಬಟ್ಟಲು ಹೆಚ್ಚಿಗೆ ಇಡಲಾಯಿತು. ಉಂಡೆ ಸಾಲಲಿಲ್ಲ.